ಅಧ್ಯಕ್ಷರ ಉಡಿದಾರದ ಬೀಗದ ಕೈ

ಆ ಸೋಮವಾರ ಬೆಳಿಗ್ಗೆ ನನ್ನ ಗಂಡ ಏಕಾಂತಪ್ಪ ಒಂದು ಕೊಡ ಮಜ್ಜಿಗೆ ಮಾಡು ಅಂದರು. ಮನೆಯಲ್ಲಿ ಇದ್ದದ್ದು ಮೂರೇ ಜನ. ಅವರು, ನಾನು, ನಾಲ್ಕನೇ ಕ್ಲಾಸು ಓದುವ ಮಗಳು ಸಿರಿ.

“ಯಾರಿಗೆ ರೀ ಇಷ್ಟು?”

“ಷಡಕ್ಷರಪ್ಪ ಮೇಷ್ಟ್ರಿಗೆ.”

“ಅವರೇನು ಎಮ್ಮೆ ಕರುನಾ?”

“ನೀನು ಕಡಿ ಮಾರಾಯ್ತಿ. ಉಪ್ಪು ಒಂದು ಚೂರು ಜಾಸ್ತಿ ಇರಲಿ. ಕುಡಿದಷ್ಟೂ ಇನ್ನೊಂದು ಲೋಟ ಬೇಕು ಅನ್ನಿಸ್ಬೇಕು.”

ಕಡೆದೆ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಆ ಪುಸ್ತಕ ತೆಗೆಯುತ್ತಿದ್ದರು.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮದು ಹಿಟ್ಟಿನ ಗಿರಣಿ. ಅವರು ಬೆಳಿಗ್ಗೆ ಎಂಟಕ್ಕೆ ಬೆಳ್ಳಗಾದರೆ ಸಂಜೆ ಸ್ನಾನದವರೆಗೆ ಬೆಳ್ಳಗೆ ಇರುತ್ತಿದ್ದರು. ಹುಬ್ಬಿನಲ್ಲೂ ಹಿಟ್ಟು. ಬೀದಿಯ ಕೊನೆಗೆ ಸರ್ಕಾರಿ ಶಾಲೆ. ಶಾಲೆಗೊಂದು ಸಮಿತಿ ಬೇಕು, ಅದರಲ್ಲಿ ಮಕ್ಕಳ ತಂದೆ ತಾಯಿಯರೇ ಇರಬೇಕು ಎಂದು ಸರ್ಕಾರ ಹೇಳಿತಂತೆ. ಯಾರೂ ಅಧ್ಯಕ್ಷರಾಗಲು ಒಪ್ಪಲಿಲ್ಲ. ಇವರು ಆ ದಿನ ಸಭೆಗೆ ತಡವಾಗಿ ಹೋದರು. ಹೋಗುವಷ್ಟರಲ್ಲಿ ಅಧ್ಯಕ್ಷರಾಗಿದ್ದರು.

ಆಮೇಲೆ ಶಿವಮೊಗ್ಗದಲ್ಲಿ ಒಂದು ದಿನ ತರಬೇತಿ ಆಯಿತು. ಊಟ ಹಾಕಿ ಒಂದು ಚೀಲ, ಒಂದು ಪುಸ್ತಕ ಕೊಟ್ಟರು. ಶಾಲೆಯಲ್ಲಿ ಪೋಷಕರಿಗೆ ಏನೇನು ಹಕ್ಕು ಇದೆ ಎಂದು ಬರೆದ ಪುಸ್ತಕ. ಇವರು ಅದನ್ನು ಗಿರಣಿಯಲ್ಲಿ ಇಟ್ಟುಕೊಂಡರು. ರಾಗಿ ಬೀಸಿಸಲು ಬಂದವರಿಗೆಲ್ಲ ಓದಿ ಹೇಳುತ್ತಿದ್ದರು. ಗಿರಣಿಯ ಸದ್ದಿಗೆ ಯಾರಿಗೂ ಕೇಳುತ್ತಿರಲಿಲ್ಲ. ತಲೆ ಆಡಿಸಿ ಹಿಟ್ಟು ತಗೊಂಡು ಹೋಗುತ್ತಿದ್ದರು. ನನಗೆ ಮಾತ್ರ ಮನೆಯಲ್ಲಿ ಚೆನ್ನಾಗಿ ಕೇಳುತ್ತಿತ್ತು.

ಅವರಿಗೆ ಇದ್ದ ತಕರಾರು ಒಂದೇ. ದಿಲ್ಲಿಯ ದುಡ್ಡಿನಲ್ಲಿ ಶಾಲೆಯಲ್ಲಿ ಹುಡುಗಿಯರಿಗೆ ಒಂದು ಪಾಯಿಖಾನೆ ಕಟ್ಟಿದ್ದರು. ಗೋಡೆಯ ಮೇಲೆ ಒಬ್ಬ ಹುಡುಗ ಒಬ್ಬ ಹುಡುಗಿ ಪೆನ್ಸಿಲ್ ಮೇಲೆ ಕೂತ ಚಿತ್ರ. ಒಳಗೆ ಬಿಳಿ ಟೈಲ್ಸು. ಉದ್ಘಾಟನೆ ಆದ ದಿನ ಹಾಕಿದ ಬೀಗವನ್ನು ಹೆಡ್ ಮೇಷ್ಟ್ರು ಷಡಕ್ಷರಪ್ಪ ಏಳು ತಿಂಗಳಾದರೂ ತೆಗೆದಿರಲಿಲ್ಲ.

“ಮಕ್ಕಳು ಹೋದ್ರೆ ಗಲೀಜಾಗುತ್ತೆ ಅಧ್ಯಕ್ಷರೇ. ಸಾಹೇಬ್ರು ತನಿಖೆಗೆ ಬಂದ್ರೆ ಏನು ತೋರಿಸ್ಲಿ?”

“ಗಲೀಜಾಗೋಕೇ ಅಲ್ವಾ ಅದನ್ನ ಕಟ್ಟೋದು? ತ್ಯಾವರೆಕೊಪ್ಪದ ಸಫಾರಿ ಹುಲಿಗೂ ಒಂದು ಜಾಗ ಇರುತ್ತೆ ಮೇಷ್ಟ್ರೇ.”

“ಹುಲಿಗೆ ತನಿಖೆ ಇಲ್ಲ.”

ಸಿರಿ ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಕುಡಿದರೆ ಒಂದಕ್ಕೆ ಬರುತ್ತದೆ, ಬಂದರೆ ಜಾಗ ಇಲ್ಲ. ಜನವರಿಯಲ್ಲಿ ಜ್ವರ ಬಂತು. ಡಾಕ್ಟರು ಉರಿಮೂತ್ರ, ನೀರು ಕುಡಿಸಿ ಅಂದರು. ಅವಳು ಶಾಲೆಗೇ ಹೋಗಲ್ಲ ಅಂದಳು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಗ ಶಾಲೆಯಲ್ಲಿ ಬೀಗ ಹಾಕಲು ಪಾಯಿಖಾನೆಯೂ ಇರಲಿಲ್ಲ. ನನ್ನ ಮಗಳು ಅದೇ ಕಾರಣಕ್ಕೆ ಬಿಡುವುದು ನನಗೆ ಬೇಕಿರಲಿಲ್ಲ. ಅವರಿಗೂ ಬೇಕಿರಲಿಲ್ಲ. ಅದಕ್ಕೇ ಮಜ್ಜಿಗೆ.

ಅವತ್ತು ಸಮಿತಿಯ ಸಭೆಯಲ್ಲಿ ನಡೆದದ್ದನ್ನು ಬಿಸಿಯೂಟದ ಸುವರ್ಣಮ್ಮ ಸಂಜೆ ಬಂದು ಹೇಳಿದಳು. ಮಜ್ಜಿಗೆ ಹಂಚಿದವಳು ಅವಳೇ.

“ಮೇಷ್ಟ್ರು ಆರು ಲೋಟ ಕುಡಿದ್ರು ಜಗದಕ್ಕ. ಚೆನ್ನಾಗಿದೆ ಅಂತ ಬೇರೆ ಅಂದ್ರು. ಆಮೇಲೆ ನಿಮ್ಮೋರು ಪುಸ್ತಕ ತೆಗೆದ್ರು.”

ಇವರು ಮೊದಲ ಪುಟದಿಂದ ಓದಿದರಂತೆ. ಮುದ್ರಣಾಲಯದ ಹೆಸರನ್ನೂ ಬಿಡಲಿಲ್ಲವಂತೆ. ಹತ್ತನೇ ಪುಟಕ್ಕೆ ಮೇಷ್ಟ್ರ ಕಾಲು ಅಲುಗಾಡತೊಡಗಿತು. ಹದಿನೈದಕ್ಕೆ ಕಾಲ ಮೇಲೆ ಕಾಲು ಹಾಕಿದರು. ಒಂದಕ್ಕೆ ಬಂದರೆ ಮೇಷ್ಟ್ರು ಯಾವಾಗಲೂ ಸೈಕಲ್ ಹತ್ತಿ ತಮ್ಮ ಮನೆಗೆ ಹೋಗಿ ಬರುತ್ತಿದ್ದರು. ಅವತ್ತು ಸೈಕಲ್ಲಿನ ಎರಡೂ ಗಾಲಿಯ ಗಾಳಿ ಇಳಿದಿತ್ತು. ಯಾರು ಇಳಿಸಿದರು ಎಂದು ನನಗೆ ಗೊತ್ತು. ಹೇಳುವುದಿಲ್ಲ. ಬಾಳೆಹಣ್ಣು ಮಾರುವ ಕೆಂಚಪ್ಪನೂ ಸಮಿತಿಯಲ್ಲಿದ್ದ, ಅಷ್ಟೇ ಹೇಳುತ್ತೇನೆ.

ಇಪ್ಪತ್ತಮೂರನೇ ಪುಟಕ್ಕೆ ಮೇಷ್ಟ್ರು ಎದ್ದು ಓಡಿದರು. ತಾವೇ ಬೀಗ ತೆಗೆದು ಒಳಗೆ ಹೋದರು. ಬೀಗ, ಬೀಗದ ಕೈ ಎರಡೂ ಚಿಲಕದಲ್ಲೇ ಉಳಿದವು. ಇವರು ಹೋಗಿ ಬಾಗಿಲಿಗೆ ಕಾವಲು ನಿಂತರು.

“ಒಳಗೆ ಚೆನ್ನಾಗಿದೆಯಾ ಮೇಷ್ಟ್ರೇ?”

“ಚೆನ್ನಾಗಿದೆ.”

“ನೀರು?”

“ಇಲ್ಲ.”

“ನಡಾವಳಿಯಲ್ಲಿ ಬರ್ಕೊಳ್ಳಿ.”

ಮೇಷ್ಟ್ರು ಹೊರಗೆ ಬಂದಾಗ ಜಗಳ ಮಾಡುವ ಸ್ಥಿತಿಯಲ್ಲಿರಲಿಲ್ಲ. ನೀರಿಲ್ಲದೆ ತೆರೆದಿಟ್ಟರೆ ಒಂದೇ ದಿನಕ್ಕೆ ಹಾಳಾಗುತ್ತದೆ ಎಂದು ಇವರೇ ಮತ್ತೆ ಬೀಗ ಹಾಕಿದರು. ಮರುದಿನ ಡ್ರಮ್ ತಂದು ನೀರು ತುಂಬಿಸಿ ತೆಗೆಯುವುದೆಂದಾಯಿತು. ಬೀಗದ ಕೈ ಇದ್ದದ್ದು ಒಂದೇ. ಇನ್ನೊಂದು ಎಲ್ಲೋ ಭದ್ರವಾಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು.

ಸಂಜೆ ಇವರು ಅದನ್ನು ಉಡಿದಾರಕ್ಕೆ ಕಟ್ಟಿಕೊಂಡರು.

“ನಿಜವಾಗ್ಲೂ ತೆಗೀತೀಯಾ ಅಪ್ಪ?” ಅಂದಳು ಸಿರಿ.

“ನಾಳೆ ಒಂಬತ್ತು ಗಂಟೆಗೆ. ನೀನೇ ಫಸ್ಟ್.”

“ಎಲ್ಲಾದ್ರೂ ಬಿದ್ದುಹೋದ್ರೆ?”

“ನನ್ನ ಸೊಂಟ ಬಿಟ್ಟು ಇದು ಎಲ್ಲಿಗೂ ಹೋಗಲ್ಲ.”

ಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಗಿರಣಿ ಬಾಗಿಲು ತೆಗೆಯಲು ಹೋದವರು ಮೆಟ್ಟಿಲ ಮೇಲೆ ಕೂತರು. ಎದೆ ಅಂದರು. ನೀರು ತರುವಷ್ಟರಲ್ಲಿ ಮುಗಿದಿತ್ತು. ನಲವತ್ತಮೂರು ವರ್ಷ. ಅವತ್ತು ಅವರ ಮೈಮೇಲೆ ಹಿಟ್ಟು ಇರಲಿಲ್ಲ. ನನಗೆ ಬೇರೆ ಯಾರೋ ಅನ್ನಿಸಿತು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಅವರ ಅಣ್ಣತಮ್ಮಂದಿರು ಮೀಯಿಸಿ, ವಿಭೂತಿ ಹಚ್ಚಿ, ಇದ್ದದ್ದರ ಮೇಲೆಯೇ ಹೊಸ ಪಂಚೆ ಸುತ್ತಿದರು. ಸಂಜೆಗೆ ಎಲ್ಲ ಆಯಿತು. ಉಡಿದಾರದ ನೆನಪು ಯಾರಿಗೂ ಬರಲಿಲ್ಲ.

ಮೂರನೇ ದಿನ ಷಡಕ್ಷರಪ್ಪ ಮೇಷ್ಟ್ರು ಬಂದರು. ಚಾಪೆ ಮೇಲೆ ಕೂತರು. ದೊಡ್ಡ ಮನುಷ್ಯರು ಅಂದರು. ಒಳ್ಳೆ ಮಜ್ಜಿಗೆ ಕೊಟ್ಟಿದ್ರು ಅಂದರು. ಆಮೇಲೆ ಕೆಮ್ಮಿದರು.

“ಅಮ್ಮಾ, ಆ ಬೀಗದ ಕೈ…”

“ಅವರ ಹತ್ರಾನೇ ಇದೆ ಮೇಷ್ಟ್ರೇ.”

“ಅದೇ, ಎಲ್ಲಿ ಇಟ್ಟಿದ್ರು?”

“ಸೊಂಟದಲ್ಲಿ.”

ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರ ಮುಖ ನೋಡಿ ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆ ಎಂದುಕೊಂಡು ಪಕ್ಕದವರು ಬೆನ್ನು ಸವರಿದರು. ಸ್ವಲ್ಪ ಹೊತ್ತಿಗೆ ಅವರು ಸವರಿದ್ದು ಸರಿಯೇ ಆಯಿತು.

ಹದಿನೈದು ದಿನಕ್ಕೆ ಶಿವಮೊಗ್ಗದಿಂದ ತನಿಖೆ ಬರುವುದಿತ್ತು. ಬಾಗಿಲು ತೆಗೆಯಲು ಈಗ ಮೇಷ್ಟ್ರಿಗೂ ಅವಸರ. ಆದರೆ ಬೀಗ ಒಡೆಯಲು ಸಭೆ ಆಗಬೇಕು. ಸಭೆಗೆ ಅಧ್ಯಕ್ಷರಿಗೆ ನೋಟೀಸು ಹೋಗಬೇಕು. ಮೇಷ್ಟ್ರು ನಿಯಮ ತಪ್ಪುವವರಲ್ಲ. ಅವರ ಹನ್ನೊಂದನೇ ದಿನದ ಶಿವಗಣಾರಾಧನೆಯಂದು, ನೆಂಟರು ಊಟಕ್ಕೆ ಕೂತಿದ್ದಾಗ, ಪೋಸ್ಟ್‌ಮ್ಯಾನ್ ಬಂದು ಕಾಗದ ಕೊಟ್ಟ. ಅಕ್ಷರ ಅಕ್ಷರ ಕೂಡಿಸಿ ಓದಿದೆ. “ಅಧ್ಯಕ್ಷರಾದ ತಾವು ನಾಳೆಯ ಸಭೆಗೆ ಬೀಗದ ಕೈ ಸಮೇತ ತಪ್ಪದೆ ಹಾಜರಾಗತಕ್ಕದ್ದು.”

ಫೋಟೋದ ಮುಂದೆ ಇಟ್ಟೆ. ಅವರು ಹೋಗುವ ಹಾಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಸಿರಿ ತಿಂಡಿ ತಿಂದಳು, ನೀರಿನ ಲೋಟ ಮುಟ್ಟಲಿಲ್ಲ.

“ಕುಡಿಯೇ.”

“ಬೇಡಮ್ಮ. ಅಪ್ಪ ಒಂಬತ್ತು ಗಂಟೆಗೆ ತೆಗೀತೀನಿ ಅಂದಿದ್ರು.”

ನಾನೇ ಸಭೆಗೆ ಹೋದೆ. ಇಷ್ಟು ಬೇಗ ಹೊರಗೆ ಕಾಲಿಡಬಾರದು ಎಂದು ನೆಂಟರು ಅಂದರು. ಕಾಗದ ತೋರಿಸಿದೆ. ಸರ್ಕಾರದ ಮೊಹರು ನೋಡಿ ಸುಮ್ಮನಾದರು. ಚೀಲದಲ್ಲಿ ಗಿರಣಿಯ ಸುತ್ತಿಗೆ ಇಟ್ಟುಕೊಂಡಿದ್ದೆ. ಸವೆದ ಬೀಸುವ ಕಲ್ಲು ಮತ್ತೆ ಒರಟಾಗುವಂತೆ ಮುಳ್ಳು ಹೊಡೆಯಲು ಅವರು ಬಳಸುತ್ತಿದ್ದದ್ದು.

ಮೇಷ್ಟ್ರು ಹಾಜರಿ ಬರೆಯುತ್ತಿದ್ದರು.

“ಅಧ್ಯಕ್ಷರು ಗೈರುಹಾಜರು,” ಎಂದು ಓದಿದರು.

“ಕಾರಣಾನೂ ಬರೀರಿ,” ಅಂದ ಕೆಂಚಪ್ಪ.

ಮೇಷ್ಟ್ರು ಪೆನ್ನು ಕಚ್ಚಿ ಯೋಚಿಸಿದರು. ಬರೆದರು. ಕೆಂಚಪ್ಪ ಬಗ್ಗಿ ನೋಡಿ ಓದಿದ. “ಪೂರ್ವಾನುಮತಿ ಇಲ್ಲದೆ.”

“ಬೀಗ ಒಡೀರಿ,” ಅಂದೆ ನಾನು.

“ಸರ್ಕಾರಿ ಆಸ್ತಿ ಅಮ್ಮಾ. ಒಡೆಯೋಕೆ ಅಧ್ಯಕ್ಷರ ಸಹಿ ಬೇಕು.”

“ಬೇರೆ ಅಧ್ಯಕ್ಷರನ್ನ ಮಾಡಿ.”

“ಅದಕ್ಕೆ ಪೋಷಕರ ಸಭೆ ಕರೀಬೇಕು. ಆ ನೋಟೀಸಿಗೆ ಈಗಿನ ಅಧ್ಯಕ್ಷರ ಸಹಿ ಬೇಕು.”

“ಹಂಗಾದ್ರೆ ಅಗೀಬೇಕಾ?” ಅಂದ ಕೆಂಚಪ್ಪ. ಅಂದವನು ನನ್ನ ಮುಖ ನೋಡಿ ಬಾಳೆಹಣ್ಣಿನ ಬುಟ್ಟಿಯ ಕಡೆ ತಿರುಗಿದ.

ನನಗೆ ಆ ಪುಸ್ತಕ ಬಾಯಿಗೆ ಬಂದಿತ್ತು. ಬೇಕೆಂದು ಕಲಿತದ್ದಲ್ಲ.

“ಪೋಷಕರು ಶಾಲೆಗೆ ಬಂದು ಏನು ಬೇಕಾದ್ರೂ ನೋಡಬಹುದು. ಇಪ್ಪತ್ತಮೂರನೇ ಪುಟ. ನೀವು ಅವತ್ತು ಅಲ್ಲೇ ಎದ್ದು ಹೋದ್ರಿ ಮೇಷ್ಟ್ರೇ, ಕೇಳಿಸ್ಕೊಂಡಿಲ್ಲ. ನಾನು ಸಿರಿ ತಾಯಿ. ಪಾಯಿಖಾನೆ ನೋಡ್ಬೇಕು.”

“ನೋಡಿ ಅಮ್ಮಾ. ಬೇಡ ಅಂದವರ್ಯಾರು?”

ಹೋದೆ. ಸುತ್ತಿಗೆ ತೆಗೆದೆ. ಮೊದಲ ಏಟು ಗೋಡೆಗೆ ಬಿತ್ತು. ಪೆನ್ಸಿಲ್ ಮೇಲೆ ಕೂತ ಹುಡುಗನ ಮೂಗು ಹೋಯಿತು. ಇವತ್ತಿಗೂ ಇಲ್ಲ. ಎರಡನೆಯದು ನನ್ನ ಹೆಬ್ಬೆರಳಿಗೆ. ಮೂರನೆಯದಕ್ಕೆ ಬೀಗ ಬಾಯಿ ಬಿಟ್ಟಿತು.

ಬಾಗಿಲು ತೆಗೆದರೆ, ಅವತ್ತಿನ ಅವಸರದಲ್ಲಿ ಮೇಷ್ಟ್ರಿಗೂ ಕಾಣದ ಎರಡನೇ ಬೀಗದ ಕೈ ಒಳಗಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

“ನಾನು ಹೇಳಿರ್ಲಿಲ್ವಾ,” ಅಂದರು ಮೇಷ್ಟ್ರು, “ಭದ್ರವಾಗಿದೆ ಅಂತ.”

ಸುವರ್ಣಮ್ಮ ಅಡುಗೆಮನೆಯಿಂದ ಎರಡು ಕೊಡ ನೀರು ತಂದಳು. ಹುಡುಗಿಯರು ಸಾಲು ನಿಂತರು. ಸಿರಿ ಫಸ್ಟ್. ಹೊರಗೆ ಬಂದವಳು ನೇರ ನಲ್ಲಿಗೆ ಹೋಗಿ ಬೊಗಸೆಯಲ್ಲಿ ಹೊಟ್ಟೆ ತುಂಬ ನೀರು ಕುಡಿದಳು. ಕುಡಿದು ಮತ್ತೆ ಸಾಲಿನ ಕೊನೆಗೆ ಬಂದು ನಿಂತಳು.

ನಾನು ಒಳಗೆ ಹೋಗಿ ನಡಾವಳಿ ಪುಸ್ತಕ ತೆಗೆಸಿದೆ.

“ಅವರದ್ದು ಗೈರುಹಾಜರು ಹೊಡೆದುಹಾಕಿ ಮೇಷ್ಟ್ರೇ. ಅವರು ಒಂದು ಸಭೇನೂ ತಪ್ಪಿಸಿದವರಲ್ಲ.”

“ಮತ್ತೆ ಏನಂತ ಬರೀಲಿ?”

“ರಜೆ ಅಂತ ಬರೀರಿ.”

ಮೇಷ್ಟ್ರು ನನ್ನನ್ನು ನೋಡಿದರು. ಮೊದಲ ಸಲ ನಿಯಮ ಕೇಳಲಿಲ್ಲ. ಹೊಡೆದುಹಾಕಿ ಬರೆದರು.

ಸರ್ಕಾರಿ ಬೀಗ ಒಡೆದವರೇ ಹೊಸ ಬೀಗ ತರಬೇಕು ಎಂದೂ ಕೆಳಗೆ ಬರೆದರು. ಗಿರಣಿಯ ಬೀಗ ತಂದು ಕೊಟ್ಟೆ. ಗಿರಣಿಯಿಂದ ಏನು ಕದ್ದಾರು, ಬೀಸುವ ಕಲ್ಲನ್ನೇ? ತನಿಖೆಗೆ ಬಂದ ಸಾಹೇಬರು ಒದ್ದೆ ನೆಲ ನೋಡಿ, ಬಳಕೆಯಲ್ಲಿದೆ, ಉತ್ತಮ ಎಂದು ಬರೆದು ಹೋದರು. ಮೇಷ್ಟ್ರು ಆ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಇದಾಗಿ ಐದು ವರ್ಷ. ಸಿರಿ ಈಗ ಹೈಸ್ಕೂಲು. ಷಡಕ್ಷರಪ್ಪ ಮೇಷ್ಟ್ರು ರಿಟೈರ್ ಆಗಿ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮನೆ ಮಾಡಿದ್ದಾರೆ. ಹೊಸ ಮೇಡಂ ಮೊದಲ ದಿನ ನನ್ನನ್ನು ತಡೆದು, ನಿಮ್ಮ ಮಗು ಯಾವ ಕ್ಲಾಸಮ್ಮ ಎಂದು ಕೇಳಿದರು. ಮಗು ಇಲ್ಲ, ಬೀಗ ನಮ್ಮದು ಅಂದೆ.

ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ನಾನು ಹೋದರೆ ಮೊದಲು ಸೊಂಟ ನೋಡು ಎಂದು ಸಿರಿಗೆ ಹೇಳಿಟ್ಟಿದ್ದೇನೆ. ಬೆಳಿಗ್ಗೆ ಗಿರಣಿಗೆ ಮೊದಲ ರಾಗಿ ಸುರಿದು, ಎರಡು ಕೊಡ ನೀರು ಹೊತ್ತು ಶಾಲೆಗೆ ಹೋಗುತ್ತೇನೆ. ಬೀಗ ತೆಗೆದು, ಪೊರಕೆ ಆಡಿಸಿ, ನೀರನ್ನು ಡ್ರಮ್ಮಿಗೆ ಸುರಿಯುತ್ತೇನೆ. ಬಾಗಿಲನ್ನು ಗೋಡೆಯವರೆಗೆ ತಳ್ಳಿ, ಗಾಳಿಗೆ ಮುಚ್ಚದ ಹಾಗೆ ಕೆಳಗೆ ಒಂದು ಕಲ್ಲು ಇಡುತ್ತೇನೆ. ಆಗ ಇನ್ನೂ ಒಂಬತ್ತು ಗಂಟೆ ಆಗಿರುವುದಿಲ್ಲ.