ಜೈಲಿನ ಫೋನಿಗಾಗಿ ಅವ್ವ ಕಲಿತ ತೆಲುಗು

"ಊಟ ಆತೇನಪಾ?" ಎಂದು ಅವ್ವ ಕೇಳಿದಳು. ಫೋನ್ ಕಟ್ ಆಯಿತು.

ನೆಟ್‌ವರ್ಕ್ ತೊಂದರೆ ಅಂದುಕೊಂಡೆವು. ಮುಂದಿನ ವಾರ ಮತ್ತೆ ಫೋನ್ ಬಂತು. "ಆರಾಮ ಅದಿಯೇನೋ? ದನಿ ಯಾಕ ಸಣ್ಣಗಾಗೇತಿ?" ಎಂದಳು. ಆ ಕಡೆಯಿಂದ ತಮ್ಮ ತೆಲುಗಿನಲ್ಲಿ ಏನೋ ಹೇಳಿದ. "ಹುಚ್ಚ, ನನ್ನ ಜೋಡಿ ಯಾಕ ತೆಲಗು ಮಾತಾಡ್ತಿ?" ಎಂದು ಅವ್ವ ನಕ್ಕಳು. ಮತ್ತೆ ಕಟ್.

ಈ ಸಲ ಕಾರಣ ಗೊತ್ತಾಯಿತು. ಕಟ್ ಆಗುವ ಮುಂಚೆ ಹಿಂದಿನಿಂದ ಒಂದು ಗಡಸು ದನಿ ಕೇಳಿಸಿತ್ತು: "ತೆಲುಗುಲೋ ಮಾಟ್ಲಾಡಮನು!" ತೆಲುಗಿನಲ್ಲಿ ಮಾತಾಡಲು ಹೇಳು ಅವರಿಗೆ, ಎಂದು.

ನನ್ನ ತಮ್ಮ ವೀರೇಶ ಇರುವುದು ವಿಜಯವಾಡದ ಕಡೆಯ ಒಂದು ಜೈಲಿನಲ್ಲಿ.

ಹೌದು, ಜೈಲು. ಈ ಅಂಕಣದಲ್ಲಿ ನಾನು ವಿಶಾಖಪಟ್ಟಣದ ಬೀಚು, ಬೆವರು, ನಮ್ಮ ಸರ್ಕಾರಿ ಕಾರ್ಖಾನೆಯ ಕ್ಯಾಂಟೀನಿನ ಸಾಂಬಾರು ಎಂದೆಲ್ಲ ಬರೆದವಳು. ಇತ್ತೀಚೆಗೆ ಬರಹ ಸಪ್ಪೆಯಾಗುತ್ತಿದೆ ಎಂದು ಓದುಗರೊಬ್ಬರು ಮುಲಾಜಿಲ್ಲದೆ ಹೇಳಿದರು. ನಿಜ. ಮನೆಯ ದೊಡ್ಡ ಸುದ್ದಿ ಬಚ್ಚಿಟ್ಟು ಸಣ್ಣ ಸುದ್ದಿ ಬಡಿಸಿದರೆ ಉಪ್ಪು ಎಲ್ಲಿಂದ ಬರಬೇಕು?

ವೀರೇಶ ಕೊಂಡಪಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಗೆಳೆಯನ ನಿಶ್ಚಿತಾರ್ಥಕ್ಕೆ ಹೋದ, ಕುಡಿದ, ಕುಡಿದೇ ಕಾರು ಓಡಿಸಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ವಯಸ್ಸಾದ ವ್ಯಕ್ತಿ ಸತ್ತರು. ಇದಿಷ್ಟೇ ಸಂಗತಿ. ದಯವಿಟ್ಟು "ನಿಮ್ಮ ತಮ್ಮ ಮುಗ್ಧ ಇರಬೇಕು" ಎಂದು ಯಾರೂ ಮೆಸೇಜ್ ಮಾಡಬೇಡಿ. ಕೇಸು ಕೋರ್ಟಿನಲ್ಲಿದೆ, ತೀರ್ಪು ಅವರು ಕೊಡುತ್ತಾರೆ. ಜಾಮೀನು ಅರ್ಜಿ ಒಮ್ಮೆ ತಿರಸ್ಕೃತವಾಗಿದೆ. ಕುಡಿದದ್ದು ಕುಡಿದದ್ದೇ, ಸತ್ತವರು ಸತ್ತದ್ದೇ.

ಆದರೆ ವಾರಕ್ಕೊಮ್ಮೆ ಒಳಗಿನಿಂದ ಒಂದು ಫೋನ್ ಬರುತ್ತದೆ. ಮೊದಲೇ ನೋಂದಾಯಿಸಿದ ನಂಬರಿಗೆ, ಕೆಲವೇ ನಿಮಿಷ. ಪಕ್ಕದಲ್ಲಿ ಸಿಬ್ಬಂದಿಯೊಬ್ಬರು ಕೇಳಿಸಿಕೊಳ್ಳುತ್ತಾರೆ. ಅವರಿಗೆ ತಿಳಿಯುವ ಭಾಷೆಯಲ್ಲೇ ಮಾತಾಡಬೇಕು. ತೆಲುಗು ಆದೀತು, ಹಿಂದಿ ಆದೀತು, ಇಂಗ್ಲಿಷೂ ಆದೀತು. ಅವ್ವನಿಗೆ ಬರುವುದು ಹಾವೇರಿ ಕಡೆಯ ಕನ್ನಡ ಒಂದೇ.

ಜೈಲಿಗೆ ಫೋನ್ ಮಾಡಿ ವಿಚಾರಿಸಿದೆ. ಎತ್ತಿದವರು ಒರಟರೇನಲ್ಲ. "ಅಮ್ಮಾ, ಒಳಗೆ ಎಲ್ಲಾ ಥರದವರೂ ಇರ್ತಾರೆ. ಅರ್ಥವಾಗದ ಭಾಷೇಲಿ ಯಾರು ಏನು ಪ್ಲಾನ್ ಮಾಡ್ತಾರೋ ನಮಗೆ ಹೇಗೆ ತಿಳಿಯಬೇಕು?" ಎಂದರು, ತೆಲುಗಿನಲ್ಲಿ. ನನ್ನ ಅವ್ವ ಮಾಡುವ ಪ್ಲಾನ್ ಎಂದರೆ ಮಗನಿಗೆ ಎರಡು ರೊಟ್ಟಿ ಹೆಚ್ಚಿಗೆ ತಿನ್ನಿಸುವುದು. ಅದನ್ನು ಅವರಿಗೆ ಹೇಗೆ ಹೇಳಲಿ? ಅವರ ಜಾಗದಲ್ಲಿ ನಾನಿದ್ದರೂ ಅದೇ ಕೇಳುತ್ತಿದ್ದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. (ಈ ಮಾತನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ, ಸಹಿಸಿಕೊಳ್ಳಿ. ಬೇರೆಯವರ ಹೊಲದಲ್ಲಿ ಕಳೆ ಕಿತ್ತ ಕೈಯಲ್ಲಿ ಹಿಡಿದ ಡಿಗ್ರಿ ಅದು.) ಹೀಗಾಗಿ ಡಿಗ್ರಿ ಮಾಡಿದವರು ಮಾಡುವುದನ್ನೇ ಮಾಡಿದೆ. ಇಂಗ್ಲಿಷಿನಲ್ಲಿ ಅರ್ಜಿ ಬರೆದೆ, ತಾಯಿಗೆ ಕನ್ನಡದಲ್ಲಿ ಮಾತಾಡಲು ಅನುಮತಿ ಕೊಡಿ ಎಂದು. ಒಂದೂ ಸ್ಪೆಲ್ಲಿಂಗ್ ತಪ್ಪಿರಲಿಲ್ಲ. ಅರ್ಜಿ ಪರಿಶೀಲನೆಯಲ್ಲಿದೆ. ಈ ಬರಹ ಅಚ್ಚಾಗುವ ಹೊತ್ತಿಗೂ ಪರಿಶೀಲನೆಯಲ್ಲೇ ಇರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅಲ್ಲಿಯವರೆಗೆ ನಾನೇ ದುಭಾಷಿ. ಅವ್ವ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಪಿಸುಗುಟ್ಟುವುದು, ನಾನು ತೆಲುಗಿನಲ್ಲಿ ತಮ್ಮನಿಗೆ ದಾಟಿಸುವುದು. ಮೊದಲ ಸಲ ಅವ್ವ ಶುರು ಮಾಡಿದಳು: ಗುಂಪಿನ್ಯಾಗ ಬಾಯಿ ಮಾಡಬ್ಯಾಡ, ರಾತ್ರಿ ಕಿವಿ ಮುಚ್ಚಿಕೊಂಡು ಮಲಕೋ, ನಿನಗ ಸಣ್ಣಾಂವ ಇದ್ದಾಗ ಗಾಳಿ ತಾಗಿದ್ರ ಕಿವಿ ಸೋರತಿತ್ತು... ಹೀಗೆ ಹೇಳುತ್ತಲೇ ಹೋದಳು. ನಾನು ಫೋನಿಗೆ ಹೇಳಿದೆ, "ಆರೋಗ್ಯಂ ಜಾಗ್ರತ್ತ ಅಂಟೋಂದಿ ಅಮ್ಮ." ಆರೋಗ್ಯ ಜೋಪಾನ ಅಂತಿದ್ದಾಳೆ ಅಮ್ಮ, ಅಷ್ಟೇ.

ಫೋನ್ ಇಟ್ಟ ಮೇಲೆ ಅವ್ವ ನನ್ನ ಮುಖವನ್ನೇ ನೋಡಿದಳು. "ನಾ ಇಷ್ಟುದ್ದ ಹೇಳಿದೆ, ನೀ ಇಷ್ಟ ಹೇಳಿದಿ. ಉಳಿದದ್ದೆಲ್ಲಾ ಎಲ್ಲಿ ಹೋತು?"

"ಸಮ್ಮರಿ ಹೇಳಿದೆ ಅವ್ವಾ. ಟೈಮ್ ಇರೋದಿಲ್ಲ."

"ತಾಯಿ ಮಾತಿಗೆ ಎಂಥಾದ್ದ ಸಮ್ಮರಿ?"

ಆಫೀಸಿನಲ್ಲಿ ಮೀಟಿಂಗುಗಳ ಮಿನಿಟ್ಸ್ ಬರೆದೂ ಬರೆದೂ ನನಗೆ ಅದೊಂದೇ ಬರುವುದು. ತಮ್ಮನಿಗೂ ಸಾಕಾಯಿತೋ ಏನೋ. "ಅಕ್ಕಾ, ನಿನ್ನ ದನಿ ಕೇಳಿದರೆ ಹೆಚ್ಚಾರ್ ಡಿಪಾರ್ಟ್‌ಮೆಂಟಿನಿಂದ ಫೋನ್ ಬಂದಂಗೆ ಇರ್ತದೆ" ಎಂದ ತೆಲುಗಿನಲ್ಲಿ. ನಗಲಿಲ್ಲ. ಮುಂದಿನ ವಾರ ಫೋನ್ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಜೈಲಿನಿಂದ ಫೋನ್ ಬರುವುದು ನಿಂತರೆ ಹೊರಗಿರುವವರಿಗೆ ಏನಾಗುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಹುಷಾರಿಲ್ಲವೇ? ಹೊಡೆದಾಟವೇ? ಜೀವಕ್ಕೆ ಏನಾದರೂ ಮಾಡಿಕೊಂಡನೇ? ವಕೀಲರು ವಿಚಾರಿಸಿ ಹೇಳಿದರು: ಆರೋಗ್ಯವಾಗಿದ್ದಾನೆ, ಅವನೇ ಫೋನ್ ಬೇಡ ಅಂತಿದ್ದಾನೆ. ಭೇಟಿಗೂ ಬರಬೇಡಿ ಅಂದನಂತೆ. ಊಟ ಅರ್ಧಕ್ಕೆ ಬಿಡುತ್ತಾನಂತೆ, ಗೋಡೆಗೆ ಮುಖ ಮಾಡಿ ಮಲಗುತ್ತಾನಂತೆ.

ಅವ್ವ ಮರುದಿನ ಬೆಳಿಗ್ಗೆ, "ನನಗ ತೆಲಗು ಕಲಸು" ಎಂದಳು.

ಇಷ್ಟು ವರ್ಷ ವಿಶಾಖಪಟ್ಟಣದಲ್ಲಿದ್ದೂ ಒಂದಕ್ಷರ ತೆಲುಗು ಬಾಯಿಗೆ ಹಾಕಿಕೊಳ್ಳದ ಹೆಂಗಸು. ತರಕಾರಿಯವಳಿಗೆ ಕನ್ನಡ ತಿಳಿಯದಿದ್ದರೆ ಅದೇ ಕನ್ನಡವನ್ನು ಇನ್ನೂ ಜೋರಾಗಿ ಹೇಳುವುದು ಅವಳ ಪದ್ಧತಿ. ನಾನು ಖುಷಿಯಿಂದ ಶುರು ಮಾಡಿದೆ: "ಮೀರು ಭೋಜನಂ ಚೇಶಾರಾ?" ಊಟ ಮಾಡಿದಿರಾ ಎಂದು.

"ಇದು ಮಗಗ ಹೇಳೂದಲ್ಲ, ತಹಶೀಲ್ದಾರಗ ಹೇಳೂದು" ಎಂದು ಎದ್ದುಹೋದಳು.

ಹೋದದ್ದು ನೇರ ಪಕ್ಕದ ಕ್ವಾರ್ಟರ್ಸಿಗೆ, ಸತ್ಯವತಿಯವರ ಮನೆಗೆ. ನಾನು ಗಾಬರಿಯಾಗಿ ಹಿಂದೆ ಓಡಿದೆ. ಯಾಕೆಂದರೆ ಟೌನ್‌ಶಿಪ್ಪಿಗೆಲ್ಲ ತಮ್ಮ ಮಸ್ಕತ್ತಿಗೆ ಹೋಗಿದ್ದಾನೆ ಎಂದು ಹೇಳಿದ್ದವಳು ನಾನು. ಒಳ್ಳೆಯ ಕಂಪನಿ, ಎ.ಸಿ. ರೂಮು ಎಂದು ಅಲಂಕಾರವನ್ನೂ ಮಾಡಿದ್ದೆ. ಮೊದಲ ತಲೆಮಾರಿನ ಓದಿದವರ ಮನೆಯಲ್ಲಿ ಜೈಲು ಎಂಬ ಶಬ್ದ ಬಂದರೆ ಅಷ್ಟೂ ವರ್ಷ ಕಟ್ಟಿದ್ದು ಒಂದೇ ಏಟಿಗೆ ಬಿತ್ತು ಅನ್ನಿಸುತ್ತದೆ ನೋಡಿ.

ಅಷ್ಟರಲ್ಲಿ ಅವ್ವ ಹೇಳಿಯೇ ಬಿಟ್ಟಿದ್ದಳು, ಕನ್ನಡದಲ್ಲಿ, ಕೈಯಿಂದ ಸರಳು ಹಿಡಿದಂತೆ ಮಾಡಿ ತೋರಿಸಿ: "ನನ್ನ ಮಗ ಜೈಲಿನ್ಯಾಗ ಅದಾನ್ರೀ. ಅವನ ಜೋಡಿ ಮಾತಾಡಾಕ ತೆಲಗು ಬೇಕು."

ಸತ್ಯವತಿಯವರು ನನ್ನ ಕಡೆ ನೋಡಿ, "ತೆಲುಸಮ್ಮಾ" ಎಂದರು. ಗೊತ್ತಮ್ಮಾ. ನಿಧಾನಕ್ಕೆ ಇನ್ನೊಂದು ಮಾತು ಸೇರಿಸಿದರು: "ಎಲ್ಲರಿಗೂ ಗೊತ್ತು. ನೀನು ಮಸ್ಕತ್ ಅಂದೆ, ನಾವು ಹೂಂ ಅಂದೆವು. ಮತ್ತೇನು ಮಾಡೋದು?"

ಅಂದಿನಿಂದ ಪಾಠ. ಇಬ್ಬರೂ ಕುಳಿತು ಬೀನ್ಸ್ ಸೋಸುತ್ತ, ಜಗಳವಾಡುತ್ತ. ಅವ್ವ ಕನ್ನಡದಲ್ಲಿ ಬೈಯುವುದು, ಅವರು ತೆಲುಗಿನಲ್ಲಿ ತಿದ್ದುವುದು. ವ್ಯಾಕರಣವಿಲ್ಲ, ಪುಸ್ತಕವಿಲ್ಲ. ಮಗನಿಗೆ ಹೇಳಬೇಕಾದದ್ದು ಮಾತ್ರ. ಒಂದು ಸಂಜೆ ಅವ್ವ ನನ್ನನ್ನು ಕೇಳಿದಳು, "ಸತ್ತ ಆ ಹಿರಿಯ ಮನಷ್ಯಾಗ ಹೇಣ್ತಿ ಅದಾಳನ?"

"ಇದ್ದಾರೆ ಅವ್ವಾ."

"ಆಕೀ ಯಾರ ಫೋನಿಗೆ ಕಾಯಬೇಕು?"

ಆ ಮನೆಗೆ ಹೋಗಿ ಕಾಲು ಹಿಡಿಯುತ್ತೇನೆ ಎಂದಳು. ಕೇಸು ನಡೆಯುವಾಗ ಹಾಗೆಲ್ಲ ಹೋಗಬಾರದು, ಸಾಕ್ಷಿಗಳ ಮೇಲೆ ಒತ್ತಡ ಹಾಕಿದಂತಾಗುತ್ತದೆ ಎಂದು ವಕೀಲರು ತಡೆದರು. ಆಮೇಲೆ ಅವ್ವ ಮಗನಿಗೆ ಹೇಳಲು ಇನ್ನೊಂದು ಮಾತನ್ನೂ ತೆಲುಗಿನಲ್ಲಿ ಕಲಿಸಿ ಎಂದು ಸತ್ಯವತಿಯವರನ್ನು ಕೇಳಿದಳಂತೆ. ಯಾವ ಮಾತು ಎಂದು ಅವರು ನನಗೆ ಹೇಳಲಿಲ್ಲ.

ಹೋದ ವಾರ ವಿಜಯವಾಡಕ್ಕೆ ರೈಲು ಹತ್ತಿದೆವು. ಬರಬೇಡಿ ಅಂದರೂ ಹೋದೆವು. (ಜೈಲಿನಲ್ಲಿರುವವರು "ಬರಬೇಡಿ" ಎಂದರೆ ಒಮ್ಮೆಯಾದರೂ ಹೋಗಿ. ಆ ಮಾತನ್ನು ಆಡಿಸುವುದು ಹೆಚ್ಚು ಸಲ ನಾಚಿಕೆ.) ಆಟೋದಲ್ಲಿ ಹೋಗುವಾಗ ದುರ್ಗಮ್ಮನ ಬೆಟ್ಟ ಇಂದ್ರಕೀಲಾದ್ರಿ ಕಂಡಿತು. "ಹತ್ತೋಣವೇ?" ಎಂದೆ. "ಮದ್ಲ ಮಗ, ಆಮ್ಯಾಲ ದೇವ್ರು" ಎಂದು ಕೆಳಗಿನಿಂದಲೇ ಕೈ ಮುಗಿದಳು.

ಗೇಟಿನಲ್ಲಿ ಗುರುತಿನ ಚೀಟಿ, ಫೋಟೋ, ತಪಾಸಣೆ. ಶೇಂಗಾ ಹೋಳಿಗೆ ಒಳಗೆ ಬಿಡಲಿಲ್ಲ. ಪ್ಯಾಕ್ ಒಡೆಯದ ಬಿಸ್ಕತ್ತು ಬಿಟ್ಟರು. ವೀರೇಶ ಬರುತ್ತಾನೋ ಇಲ್ಲವೋ ಎಂದು ಕಾದೆವು. ಬರಲಿಲ್ಲ. ಅವ್ವ ಅಲ್ಲಿದ್ದ ಕಾನ್‌ಸ್ಟೇಬಲ್ ಹತ್ತಿರ ಹೋಗಿ ನಿಂತಳು. "ಬಾಬೂ, ಆಡಿಕಿ ಸೆಪ್ಪು. ಆಳಮ್ಮಕಿ ತೆಲುಗೊಚ್ಚಿಂದಿ ಅನಿ ಸೆಪ್ಪು." ಅವನಿಗೆ ಹೇಳಪ್ಪಾ, ಅವನ ತಾಯಿಗೆ ತೆಲುಗು ಬಂತು ಅಂತ ಹೇಳು.

ಕಾನ್‌ಸ್ಟೇಬಲ್ ಕಣ್ಣರಳಿಸಿದ. "ಏಮ್ಮಾ, ಶ್ರೀಕಾಕುಳಮಾ ಮೀದಿ?" ಏನಮ್ಮಾ, ನಿಮ್ಮದು ಶ್ರೀಕಾಕುಳಂ ಏನು?

ನನಗೆ ಆಗ ಹೊಳೆಯಿತು. ಸತ್ಯವತಿಯವರು ಆಂಧ್ರದ ಉತ್ತರ ತುದಿಯ ಶ್ರೀಕಾಕುಳಂ ಕಡೆಯ ಹಳ್ಳಿಯವರು. ಅವರ ತೆಲುಗಿನ ರಾಗ, ಒರಟು, ಮುದ್ದು ಎಲ್ಲವನ್ನೂ ಅವ್ವ ಹಾಗೇ ಎತ್ತಿಕೊಂಡಿದ್ದಳು. ವಿಜಯವಾಡದವರ ಕಿವಿಗೆ ಅದು ನಗು ತರುವ ಹಳ್ಳಿ ತೆಲುಗು. ಅದರ ಮೇಲೆ ಹಾವೇರಿಯ ಒಗ್ಗರಣೆ ಬೇರೆ! ಸುತ್ತ ಕಾಯುತ್ತಿದ್ದವರೂ ನಕ್ಕರು. ಅವ್ವ ಕ್ಯಾರೇ ಅನ್ನಲಿಲ್ಲ. ಕಾನ್‌ಸ್ಟೇಬಲ್ ನಗುತ್ತಲೇ ಒಳಗೆ ಹೋದ. ಏನು ಹೇಳಿದನೋ, ತಮ್ಮ ಬಂದ.

ಸಣಕಲಾಗಿದ್ದ. ಗಡ್ಡ ಬಿಟ್ಟಿದ್ದ. ನಮ್ಮಿಬ್ಬರನ್ನೂ ನೋಡದೆ ಜಾಲರಿಯ ಆಚೆ ತಲೆ ತಗ್ಗಿಸಿ ನಿಂತ.

"ಏಟ್ರಾ, ತಿನ್ನಾವಾ?" ಎಂದಳು ಅವ್ವ. ಏನೋ, ತಿಂದಿಯಾ?

ತಲೆ ಎತ್ತಿದ. ಒಂದು ಗಳಿಗೆ ಅವನಿಗೆ ನಂಬಿಕೆಯೇ ಆಗಲಿಲ್ಲ. ಆಮೇಲೆ ನಕ್ಕ. ನಗುತ್ತ ನಗುತ್ತಲೇ ಜಾಲರಿ ಹಿಡಿದು ಅಳತೊಡಗಿದ. "ಅಮ್ಮಾ, ನುವ್ವೇನಾ?" ಎಂದ. ನೀನೇನಾ?

"ನೇನೇ. ಫೋನು ಸೆಯ್ಯಿ. ಕೂಡು ತಿನು. ಗೋಡಕೇಸಿ ಸೂಡಕು." ಫೋನ್ ಮಾಡು, ಅನ್ನ ತಿನ್ನು, ಗೋಡೆ ಕಡೆ ನೋಡಬೇಡ. ತಪ್ಪಿದಲ್ಲೆಲ್ಲ ಕಾನ್‌ಸ್ಟೇಬಲ್ಲೇ ತಿದ್ದುತ್ತಿದ್ದ.

ಸಮಯ ಮುಗಿಯಿತು ಎಂದಾಗ ಅವ್ವ ಉಸಿರು ತೆಗೆದುಕೊಂಡು ಒಂದೊಂದೇ ಪದ ಜೋಡಿಸಿ ಹೇಳಿದಳು. ಅಕ್ಕಪಕ್ಕದ ನಗು ನಿಂತಿತು. ನಾನು ಕನ್ನಡದಲ್ಲಿ ಬರೆಯುತ್ತೇನೆ, ಈ ಸಲ ಸಮ್ಮರಿ ಮಾಡದೆ: "ನೀನು ಹೊರಗೆ ಬಂದ ದಿನ ನನ್ನ ಮನೆಗೆ ಮೊದಲು ಬರಬೇಡ. ಆ ತಾಯಿಯ ಮನೆಗೆ ಹೋಗು. ನಾನೂ ಜೊತೆಗೆ ಬರುತ್ತೇನೆ. ಅಲ್ಲಿಯವರೆಗೆ ನೀನು ಬದುಕಿರಬೇಕು."

ವೀರೇಶ "ಸರೇ" ಎಂದ. ಆಯಿತು ಎಂದು. ಅಷ್ಟೇ.

ಈ ಶನಿವಾರ ಫೋನ್ ಬಂತು. ಅವ್ವ ನನ್ನ ಕೈಯಿಂದ ಕಸಿದುಕೊಂಡು ಅಂಗಳಕ್ಕೆ ಹೋದಳು, ಯಾವ ದುಭಾಷಿಯೂ ಬೇಡವೆಂದು. ಬಿಸ್ಕತ್ತು ಖಾಲಿಯಾಯಿತಂತೆ. ಪೂರ್ತಿ ಊಟ ಮಾಡಿದನಂತೆ.

ಆಫೀಸಿನಲ್ಲಿ ಒಬ್ಬ ಗೆಳತಿ ಕೇಳಿದಳು, "ಒಬ್ಬರ ಜೀವ ತೆಗೆದವನಿಗೆ ಇಷ್ಟೆಲ್ಲ ಯಾಕೆ? ಅನುಭವಿಸಲಿ ಬಿಡು." ಅವಳ ಮಾತಿನಲ್ಲಿ ತಪ್ಪಿಲ್ಲ. ಅವನು ಅನುಭವಿಸಬೇಕು, ಅನುಭವಿಸುತ್ತಿದ್ದಾನೆ. ಶಿಕ್ಷೆ ಕಡಿಮೆ ಮಾಡಿ ಎಂದು ನಾವು ಆ ಫೋನಿನಲ್ಲಿ ಮಾತಾಡುವುದಿಲ್ಲ. ಸಾಂಬಾರಿಗೆ ಉಪ್ಪು ಹೆಚ್ಚಾದದ್ದು, ನಲ್ಲಿ ಕೆಟ್ಟದ್ದು, ಇಂಥವನ್ನೇ ಮಾತಾಡುತ್ತೇವೆ.

ಒಳಗೆ ಹೋದವನೇನೋ ನಮ್ಮ ವೀರೇಶ. ನಾವೂ ಮಾತು ಬಿಟ್ಟರೆ, ಒಂದು ದಿನ ಹೊರಗೆ ಬರುವವನು ಯಾರು?