ಬೀಸಣಿಗೆ ಆಂಟಿಯ ಮಾತ್ರೆ

ಸೆಕೆ ತಡೆಯಲಾಗದೆ ಹಳೆಯ ಲಾವಂಚದ ಬೀಸಣಿಗೆ ಹುಡುಕಿ ತೆಗೆದು, ಮೇಲೆ ನೀರು ಚಿಮುಕಿಸಿದೆ. ಆ ವಾಸನೆ ಬಂದದ್ದೇ ತಡ, ಪಕ್ಕದ ಮನೆಯ ಆಂಟಿ ನೆನಪಾದರು...

ಅಮೆರಿಕದ ಪೆನಾಸ್ಕಿಟೋಸ್‌ನಲ್ಲಿ ನಮ್ಮದೂ ಅವರದೂ ಗೋಡೆಗೆ ಗೋಡೆ ತಾಗಿದ ಮನೆ. ಭಾನುವಾರ ಗ್ಯಾರೇಜಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮುಟ್ಟು ನಿಂತು ವರ್ಷಗಳಾಗಿದ್ದರೂ ಇದ್ದಕ್ಕಿದ್ದಂತೆ ಮೈ ಕಾದು ಬೆವರಿಳಿಯುತ್ತಿತ್ತು. ಡಿಸೆಂಬರಿನಲ್ಲೂ ಬಾಗಿಲು ತೆರೆದೇ ಇರಬೇಕು. ಮಕ್ಕಳು ಜಾಕೆಟ್ ಹಾಕಿಕೊಂಡು ಕಾಗುಣಿತ ಹೇಳುತ್ತಿದ್ದರೆ ಇವರು ಬೀಸಿಕೊಳ್ಳುತ್ತಾ ತಿದ್ದುತ್ತಿದ್ದರು. ಮಕ್ಕಳ ಬಾಯಲ್ಲಿ ಅವರು ಬೀಸಣಿಗೆ ಆಂಟಿ.

ಹಿಂದೆ ಆಗಿದ್ದ ಕ್ಯಾನ್ಸರಿನಿಂದಾಗಿ ಅವರಿಗೆ ಹಾರ್ಮೋನ್ ಕೊಡುವಂತಿರಲಿಲ್ಲ. ಹಾಗಾಗಿ ಡಾಕ್ಟರು ಖಿನ್ನತೆಗೆ ಕೊಡುವ ಮಾತ್ರೆಯನ್ನೇ ಸಣ್ಣ ಡೋಸಿನಲ್ಲಿ ಬರೆದುಕೊಟ್ಟರು.

"ಬೇಜಾರಿಗಲ್ಲ ಕಣೇ, ಈ ಮೈ ಬೆಂಕಿಗೆ. ಎಷ್ಟೋ ದಿನದ ಮೇಲೆ ನಿದ್ದೆ ಬಂತು ನೋಡು," ಎಂದು ಹಿಗ್ಗಿದ್ದರು.

ಆ ಹಿಗ್ಗು, ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಒಂದು ಪಾಟ್‌ಲಕ್ ಊಟದವರೆಗೆ. ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ಎಂಬ ಮಹಾತಾಯಿ, ಆಂಟಿ ಮಾತ್ರೆ ನುಂಗುವುದನ್ನು ಕಂಡು, ಡಬ್ಬಿಯ ಮೇಲಿನ ಹೆಸರು ಓದಿ ಫೋನಿನಲ್ಲಿ ಹುಡುಕಿದಳು. ಕಾರ್ಲ್ಸ್‌ಬಾಡ್‌ನ ಔಷಧಿ ಕಂಪನಿಯಲ್ಲೇ ಕೆಲಸ ಮಾಡುವ ಅವಳ ಗಂಡ ಮೊದಲ ಸಾಲು ಓದಿ ತಲೆಯಾಡಿಸಿದ. ಎರಡನೆಯ ಸಾಲು ಓದುವಷ್ಟು ವ್ಯವಧಾನ ಆ ಪಿಎಚ್‌ಡಿಗೆ ಇರಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರೆಯ ಹೆಸರು ಬಂತು. ಜೊತೆಗೆ, "ಡಿಪ್ರೆಶನ್ ಇರೋರ ಹತ್ರ ಮಕ್ಕಳನ್ನ ಬಿಡೋದು ಸೇಫಾ? ಯೋಚ್ನೆ ಮಾಡಿ," ಕೊನೆಗೊಂದು ಕೈಮುಗಿಯುವ ಇಮೋಜಿ. ಮಾತ್ರೆ ಮನಸ್ಸಿಗೇ ಆಗಿದ್ದರೂ ತಪ್ಪೇನಿತ್ತು? ಓದಿದ ದಡ್ಡರು!

ಮುಂದಿನ ಭಾನುವಾರ ಬಂದದ್ದು ನನ್ನ ಮಗಳೊಬ್ಬಳೇ. ಮಾತ್ರೆ ಬಿಟ್ಟರೆ ಮಕ್ಕಳನ್ನು ಮತ್ತೆ ಕಳಿಸುತ್ತೇವೆ ಎಂದು ಕಾರ್ಯದರ್ಶಿ ದೊಡ್ಡ ಮನಸ್ಸು ಮಾಡಿದಳು. ಕ್ಲಾಸಿನ ಆಸೆಗೆ ಆಂಟಿ ಬಿಟ್ಟೇಬಿಟ್ಟರು. ನಿದ್ದೆ ಹೋಯಿತು, ಮಕ್ಕಳೂ ಬರಲಿಲ್ಲ.

"ಮೈ ಕಾಯೋದೂ ಕಾಯೋದೇ, ಮಕ್ಕಳಿಗೆ ಕಾಯೋದೂ ಕಾಯೋದೇ ನೋಡು," ಎಂದು ಖಾಲಿ ಗ್ಯಾರೇಜಿನಲ್ಲಿ ಕೂತು ನಕ್ಕರು. ನನಗೆ ಅಳು ಬಂತು.

ಆ ಬೇಸಿಗೆಯಲ್ಲಿ ಬೀಸಣಿಗೆಯನ್ನು ನನ್ನ ಮಗಳ ಕೈಗಿಟ್ಟು, ಮನೆ ಖಾಲಿ ಮಾಡಿಕೊಂಡು ಹೋದರು. ಎಲ್ಲಿದ್ದಾರೋ... ಅವರ ನಂಬರಿಗೆ ಈಗ ಬೇರೆ ಯಾರೋ ಉತ್ತರಿಸುತ್ತಾರೆ.

ನಿನ್ನೆ ಅದೇ ಕಾರ್ಯದರ್ಶಿಯ ಫೋನು, ಪಿಸುದನಿಯಲ್ಲಿ. "ರೀ, ನಂಗೂ ಶುರುವಾಗಿದೆ... ತಡ್ಕೊಳ್ಳೋಕಾಗ್ತಿಲ್ಲ. ನಿಮ್ಮ ಪಕ್ಕದ್ಮನೆ ಆಂಟಿ ತಗೋತಿದ್ರಲ್ಲ, ಆ ಮಾತ್ರೆ ಹೆಸರೇನು? ಯಾರಿಗೂ ಹೇಳ್ಬೇಡಿ ಪ್ಲೀಸ್."

"ಗ್ರೂಪಲ್ಲಿ ನೀವೇ ಹಾಕಿದ್ರಲ್ಲ, ನೋಡ್ಕೊಳ್ಳಿ," ಎಂದು ಫೋನಿಟ್ಟೆ.

ಈಗ ಬೀಸಿಕೊಳ್ಳುತ್ತಾ ಕೂತಿದ್ದರೆ, ಕಾಗುಣಿತ ಮರೆತು ವರ್ಷಗಳಾದ ಮಗಳು ಹಾದುಹೋಗುವವಳು ಮೂಗರಳಿಸಿ ನಿಂತಳು.

"ಅಮ್ಮಾ, ಇಟ್ ಸ್ಮೆಲ್ಸ್ ಲೈಕ್ ಕನ್ನಡ ಕ್ಲಾಸ್."