ದೇವರ ಮುಂದೆ ಕುಳಿತ ಕುಂಡ

ಮೊನ್ನೆ ಎಲೆಗೊಬ್ಬರದ ಚೀಲ ಬಿಚ್ಚಿದಾಗ ಬಂದ ಹಸಿ ವಾಸನೆಗೆ ಯಶವಂತಪುರದ ರೈಲ್ವೆ ಕ್ವಾರ್ಟರ್ಸ್ ನೆನಪಾಯಿತು. ನಾನು ಮದುವೆಯಾಗಿ ಅಲ್ಲಿಗೆ ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಪಕ್ಕದ ಮನೆಯ ಗಾರ್ಡರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಒಣಹಾಕಿದ ಬಟ್ಟೆಗೆಲ್ಲ ಇಂಜಿನ್ನಿನ ಮಸಿ ಕೂರುವ ಆ ಜಾಗದಲ್ಲಿ, ಅವರ ಕಿಟಕಿಯ ಕೆಳಗೆ ಮಾತ್ರ ಗ್ಲಾಕ್ಸೀನಿಯಾ ಗಿಡಗಳಿದ್ದವು. ಗಂಟೆಯಂಥ ನೇರಳೆ ಹೂ, ಮುಟ್ಟಿದರೆ ಮಖಮಲ್ಲು...

ಗಾಳಿ, ಬಿಸಿಲು ತಾಗದಂತೆ ಬಾಣಂತಿಯನ್ನು ನೋಡಿಕೊಂಡ ಹಾಗೆ ಅಕ್ಕ ಅವನ್ನು ನೋಡಿಕೊಳ್ಳುತ್ತಿದ್ದರು. ಎಲೆಗೆ ನೀರು ಬಿದ್ದರೆ ಕೊಳೆಯುತ್ತದೆ. ಕುಂಡದ ಕೆಳಗಿನ ತಟ್ಟೆಗೆ ಹಾಕಿದರೆ ಬೇರು ತಾನೇ ಕುಡಿಯುತ್ತದೆ. ಅವರ ಅತ್ತೆಯವರಿಗೆ ಇದು ಒಪ್ಪಿಗೆಯಿರಲಿಲ್ಲ. ಸ್ನಾನ ಮಾಡಿ ತುಳಸಿಗೆ ನೀರೆರೆದವರು, ಅದೇ ಚೊಂಬಿನಿಂದ ಉಳಿದ ಗಿಡಗಳ ತಲೆಗೂ ಸುರಿದು ಬರುತ್ತಿದ್ದರು. ಹಾಗೆ ಗ್ಲಾಕ್ಸೀನಿಯಾಗಳು ಒಂದೊಂದಾಗಿ ಕೊಳೆತು ಕೊನೆಗೆ ಒಂದೇ ಕುಂಡ ಉಳಿಯಿತು. ಅದನ್ನು ಲಾಲ್‌ಬಾಗಿನ ಹೂವಿನ ಪ್ರದರ್ಶನದಲ್ಲಿಡಬೇಕೆಂಬುದು ಅಕ್ಕನ ಆಸೆ.

ಹೊರಡುವ ಬೆಳಿಗ್ಗೆಯೇ ಮೊದಲ ಹೂ ಅರಳಿತು. ಮಿಕ್ಕವೆಲ್ಲ ಮೊಗ್ಗು. ಅತ್ತೆಯವರು ಹೂಬುಟ್ಟಿ ಹಿಡಿದು ಬಂದರು.

"ಮೊದಲ್ನೇ ಹೂವು ದೇವರಿಗೆ ಕಣೇ. ಲಾಲ್‌ಬಾಗ್‌ನೋರು ಕಾಯ್ಲಿ."

ಅಕ್ಕ ಜಗಳವಾಡಲಿಲ್ಲ. ಕುಂಡವನ್ನೇ ಎತ್ತಿ ದೇವರ ಮುಂದಿಟ್ಟರು. "ತಗೊಳ್ಳಿ ಅತ್ತೆ, ಗಿಡಾನೇ ಕೊಟ್ಬಿಟ್ಟೆ."

ಅತ್ತೆಯವರು ತಬ್ಬಿಬ್ಬಾದರು. ಕೀಳಲು ಚಾಚಿದ ಕೈ ಹಿಂದಕ್ಕೆ ಬಂತು. ಆದರೂ ಸುಮ್ಮನಿರಲಾರದೆ ಚೊಂಬು ಎತ್ತಿದರು. ಅಕ್ಕ ಸೆರಗನ್ನು ಎಲೆಗಳಿಗೆ ಅಡ್ಡ ಹಿಡಿದರು.

"ಅಯ್ಯೋ, ತಲೆಗೆ ಬೇಡ ಅತ್ತೆ! ಪಾದಕ್ಕೆ ಹಾಕಿ!"

ಅಂದು ಮೊದಲ ಸಲ ಅತ್ತೆಯವರು ತಟ್ಟೆಗೆ ನೀರೆರೆದರು. ಕುಂಡಕ್ಕೆ ಕುಂಕುಮವನ್ನೂ ಹಚ್ಚಿ ಕಳಿಸಿದರು. ಜಟಕಾದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ, ಕೊಡೆ ಅಡ್ಡ ಹಿಡಿದು ನಾನು.

"ದಾರೀಲಿ ಯಾರಾದ್ರೂ ನೋಡಿದ್ರೆ ದೇವರ ಮೆರವಣಿಗೆ ಅಂದ್ಕೊಂಡು ಕೈ ಮುಗೀತಾರೆ ಕಣೇ," ಎಂದು ಅಕ್ಕ ನಕ್ಕರು. ಮಲ್ಲೇಶ್ವರ ದಾಟುವವರೆಗೂ ಆ ನಗು ನಿಲ್ಲಲಿಲ್ಲ...

ಬಹುಮಾನ ಬರಲಿಲ್ಲ. ಅಕ್ಕನಿಗಿಂತ ಅತ್ತೆಯವರಿಗೇ ಸಿಟ್ಟು. "ದೇವರಿಗೆ ಕೊಟ್ಟಿದ್ದಕ್ಕೆ ಮಾರ್ಕ್ಸ್ ಹಾಕೋಕೆ ಅವ್ರ್ಯಾರೇ?" ಎಂದರು. ಆಮೇಲೆ ಆ ಮನೆಯಲ್ಲಿ ಗಂಟೆ ಹೂವನ್ನು ಯಾರೂ ಕೀಳಲಿಲ್ಲ. ಅರಳಿದ ಗಿಡವೇ ದೇವರ ಮುಂದೆ ಹೋಗಿ ಕುಳಿತು, ಪೂಜೆ ಮುಗಿದ ಮೇಲೆ ಕಿಟಕಿಗೆ ವಾಪಸಾಗುತ್ತಿತ್ತು.

ಅಕ್ಕ ಕಳೆದ ತಿಂಗಳು ತೀರಿಕೊಂಡರು. ನಾನು ಹೋಗುವ ಹೊತ್ತಿಗೆ ಕತ್ತಿನವರೆಗೂ ಹೂ ಹೊದಿಸಿದ್ದರು. ಸೇವಂತಿಗೆ, ಗುಲಾಬಿ, ಸುಗಂಧರಾಜ... ಎಲ್ಲವೂ ಕಿತ್ತದ್ದು. ಇಷ್ಟೊಂದು ಯಾರೇ ಕಿತ್ತಿದ್ದು ಎಂದು ಈಗ ಎದ್ದು ಬೈಯುತ್ತಾರೆ ಅನ್ನಿಸಿ ಸ್ವಲ್ಪ ಹೊತ್ತು ನಿಂತೆ.

ಬೈಯಲಿಲ್ಲ.